ಕರಪತ್ರದಲ್ಲಿ ನಾನು ಹೊಡೆದುಹಾಕಿದ ಸಾಲು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪಶುವೈದ್ಯರ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಕುರಿಯನ್ನು ಮುಟ್ಟಿದವನಲ್ಲ, ಕುರಿಯ ಕಾಯಿಲೆಗಳನ್ನು ಟೈಪು ಮಾಡಿದವನು. ಟೈಪು ಮಾಡಿದ ಕಾಯಿಲೆಗಳೆಲ್ಲ ನನಗೇ ಬಂದಂತೆ ಅನಿಸುವುದು ನನ್ನ ಹಳೆಯ ಚಾಳಿ. ಕುರಿಯ ಈಲಿಯೊಳಗೆ, ಅಂದರೆ ಲಿವರಿನೊಳಗೆ, ಎಲೆಯಂಥ ಚಪ್ಪಟೆ ಹುಳು ಸೇರಿಕೊಳ್ಳುವ ರೋಗದ ಬಗ್ಗೆ ಕರಪತ್ರ ಸಿದ್ಧಪಡಿಸಿದ ವಾರವಿಡೀ ನನ್ನ ಬಲಪಕ್ಕೆಯನ್ನು ಒತ್ತಿ ಒತ್ತಿ ನೋಡಿಕೊಂಡಿದ್ದೆ.

ಗವಿಪುರದಲ್ಲಿ ನಮ್ಮ ಮನೆಯ ಹಿಂದೆ ಒಬ್ಬ ಅಜ್ಜಿ ಆರು ಕುರಿ ಸಾಕಿಕೊಂಡಿದ್ದರು. ಮೇಯಿಸುವುದು ಕೆಳಗಿನ ಕೆರೆಯಂಚಿನಲ್ಲಿ. ಆ ವರ್ಷ ಮಳೆಗಾಲ ಮುಗಿಯುತ್ತಲೇ ಅವರ ಗಬ್ಬದ ಕುರಿಯೊಂದು ಸೊರಗಿತು. ಗದ್ದದ ಕೆಳಗೆ ನೀರಿನ ಚೀಲ ಕಟ್ಟಿದಂಥ ಬಾವು. ಹಿಂದಿನ ವರ್ಷ ಹೀಗೇ ಬಾವು ಬಂದ ಕುರಿ ಹೊಟ್ಟೆಯ ಮರಿಯ ಸಮೇತ ಸತ್ತಿತ್ತಂತೆ.

"ಇದೂ ಹೋದ್ರೆ ಕುರಿ ಸಾವಾಸಾನೇ ಬಿಟ್ಬಿಡ್ತೀನಿ ಕಣಪ್ಪಾ," ಎಂದರು ಅಜ್ಜಿ.

ಆಗಷ್ಟೇ ಟೈಪು ಮಾಡಿದ್ದ ಕರಪತ್ರದ ರೋಗವೇ ಎದುರಿಗೆ ಸಿಕ್ಕಿತ್ತು. ಸುಮ್ಮನಿರಲಾದೀತೆ? "ಕೆರೇಲಿರೋ ಬಸವನಹುಳದ ಹೊಟ್ಟೇಲಿ ಬೆಳೆಯೋ ಹುಳ ಇದು ಅಜ್ಜಿ. ಕುರೀನ ಕೆರೆ ಕಡೆ ಬಿಡ್ಬೇಡಿ, ಅಷ್ಟೇ," ಎಂದೆ.

ಅಜ್ಜಿ ಅಕ್ಷರಶಃ ಪಾಲಿಸಿದರು. ಆರನ್ನೂ ಮನೆಯಲ್ಲೇ ಕಟ್ಟಿ, ದಿನಾ ಬೆಳಿಗ್ಗೆ ತಾವೇ ಹೋಗಿ ಹುಲ್ಲು ಕೊಯ್ದು ತಂದರು. ಒಂದು ಭಾನುವಾರ ನಾನೂ ಒಂದು ಹೊರೆ ಹೊತ್ತೆ. ಹಸಿ ಹುಲ್ಲಿನ ನೀರು ಕತ್ತಿನ ಮೇಲಿಂದ ಅಂಗಿಯೊಳಗೆ ಇಳಿಯುತ್ತಿದ್ದರೂ ಸಮಾಜಸೇವೆ ಮಾಡಿದ ಹೆಮ್ಮೆ. ಹತ್ತು ದಿನದಲ್ಲಿ ಬಾವು ಇನ್ನಷ್ಟು ದಪ್ಪವಾಯಿತು.

ಹೆದರಿ ನಮ್ಮ ಕಚೇರಿಯ ಡಾಕ್ಟರನ್ನು ಕರೆತಂದೆ. ಅವರು ಕುರಿಯ ಕೆಳರೆಪ್ಪೆ ಇಳಿಸಿ ನೋಡಿದರು. ಒಳಗೆ ಕಾಗದದಷ್ಟು ಬಿಳಿ; ಹುಳು ಅಷ್ಟು ರಕ್ತ ಹೀರಿತ್ತು. ಆಮೇಲೆ ಮೂಲೆಯ ಹಸಿ ಹುಲ್ಲಿನ ಮೇಲೆ ಅವರ ಕಣ್ಣು ಬಿತ್ತು.

"ಇದೆಲ್ಲಿಂದು?"

"ಕೆರೇದು. ಇವ್ರೂ ಹೊತ್ಕೊಂಡ್ಬಂದ್ರು," ಎಂದು ಅಜ್ಜಿ ನನ್ನತ್ತ ಕೈ ಮಾಡಿದರು.

"ಅಲ್ರೀ, ಬಸವನಹುಳದಿಂದ ಹೊರಗ್ಬಂದ ಆ ಚಪ್ಪಟೆ ಹುಳದ ಮರಿಗಳು ನೀರಂಚಿನ ಹುಲ್ಲಿಗೇ ತಾನೇ ಅಂಟ್ಕೊಂಡಿರೋದು? ಕೆರೆಯಂಚಿನ ಹುಲ್ಲು ಕೊಯ್ದು ಹಾಕ್ಬೇಡಿ ಅಂತ ಕರಪತ್ರಕ್ಕೆ ಬರ್ದು ಕೊಟ್ಟಿದ್ನಲ್ಲ, ನೋಡ್ಲಿಲ್ವಾ?"

ನೋಡಿದ್ದೆ. ಒಂದೇ ಪುಟದಲ್ಲಿ ಹಿಡಿಸಲೆಂದು ಆ ಸಾಲನ್ನು ಹೊಡೆದುಹಾಕಿದವನೇ ನಾನು. ಕೆರೆಗೆ ಬಿಡಬೇಡಿ ಎಂದಮೇಲೆ ಮತ್ತೆ ಹುಲ್ಲಿನ ಮಾತೇಕೆ ಎಂದುಕೊಂಡಿದ್ದೆ. ಒಪ್ಪಿಕೊಂಡೆ. ಡಾಕ್ಟರು ನಕ್ಕರು. ಅಜ್ಜಿ ನಗಲಿಲ್ಲ.

"ಕುರಿ ಕೆರೆಗೆ ಹೋಗ್ದಿದ್ರೆ ಕೆರೇನೇ ತಲೆ ಮೇಲೆ ಹೊತ್ಕೊಂಡ್ಬಂದ್ಯಾ?" ಎಂದರು.

ಡಾಕ್ಟರು ತೂಕಕ್ಕೆ ತಕ್ಕಂತೆ ಅಳೆದು ಆರಕ್ಕೂ ಔಷಧಿ ಕುಡಿಸಿದರು. ಕೆಲವು ವಾರ ಬಿಟ್ಟು ಮತ್ತೊಮ್ಮೆ ಎಂದರು. ಕತ್ತು ಹಿಡಿದವನು ನಾನೇ, ಅರ್ಧ ಔಷಧಿ ಕುಡಿದದ್ದು ನನ್ನ ಅಂಗಿ. ಡಾಕ್ಟರು ಮತ್ತೆ ಅಳೆಯಬೇಕಾಯಿತು. ಅಂದಿನಿಂದ ಕುರಿಗಳಿಗೆ ನಲ್ಲಿ ನೀರು, ಹುರುಳಿ ಹೊಟ್ಟು, ಬೇಲಿಯ ಸೊಪ್ಪು. ಪುಣ್ಯಕ್ಕೆ ಕರಪತ್ರ ಇನ್ನೂ ಕಚೇರಿಯಿಂದ ಹೊರಬಿದ್ದಿರಲಿಲ್ಲ. ಆ ಸಾಲು ಸೇರಿಸಿ ಎರಡು ಪುಟ ಮಾಡಿದೆ.

ಸಂಜೆ ಕಚೇರಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಕುರಿಯ ರೆಪ್ಪೆ ಇಳಿಸಿ ನೋಡುತ್ತಿದ್ದೆ. ಬಾವು ಇಳಿಯಿತು, ರೆಪ್ಪೆಯೊಳಗೆ ನಿಧಾನವಾಗಿ ನಸುಗೆಂಪು ಮೂಡಿತು. ಕುರಿ ಈಯಿತು. ಮರಿ ಎರಡು ಸಲ ಮುಗ್ಗರಿಸಿ ಎದ್ದು ಮೊಲೆಗೆ ಬಾಯಿ ಹಾಕಿತು. ನಾನು ಬಗ್ಗಿ ಅದರ ರೆಪ್ಪೆಗೂ ಕೈ ಹಾಕಿದೆ.

"ಅದು ಚೆನ್ನಾಗೈತೆ, ಬಿಡಪ್ಪಾ! ನಿನ್ ಕಣ್ಣು ತೋರ್ಸು ಇಲ್ಲಿ. ನೀನೇ ಬಿಳುಚ್ಕೊಂಡಿದೀಯ."

ತೋರಿಸಿದೆ. ಅಜ್ಜಿ ಹೆಬ್ಬೆರಳಿನಿಂದ ನನ್ನ ರೆಪ್ಪೆ ಇಳಿಸಿ ನೋಡಿ, "ಪರವಾಗಿಲ್ಲ, ಉಳ್ಕೋತೀಯ," ಎಂದರು.