ರಾಗಿಗೆ ಜೋಡಿ ಹುಡುಕಿದವನು

ಅವನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಎಳೆಗೂಸಿನ ಹಿಮ್ಮಡಿಯಂಥ ನುಣ್ಣನೆಯ ಕೆಂಪು ಚರ್ಮ. ಎತ್ತಿನ ಬಾಯಿಗೆ ಕೈಹಾಕಿ ಹಲ್ಲು ನೋಡುವಾಗ ಹೋದದ್ದು ಅನ್ನುತ್ತಿದ್ದ. ಯಾವ ಎತ್ತು, ಯಾರ ಮನೆಯದು ಅಂತ ಕೇಳಿದರೆ ಒಂದೊಂದು ಸಲ ಒಂದೊಂದು ಊರು ಹೇಳುತ್ತಿದ್ದ. ಒಮ್ಮೆ ಆತಗೂರು, ಒಮ್ಮೆ ಬಂಡೂರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ, ನಗುತ್ತಾ ಕೂತಿದ್ದೆ.

ಮಳವಳ್ಳಿಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರಾಗಿದ್ದು ರಿಟೈರಾದವನು. ನಾನು ಹುಟ್ಟಿ ಬೆಳೆದ ಮನೆಯಿಂದ ಮೂರನೆಯ ಮನೆ ಅವನದು. ಬೀದಿಗೆಲ್ಲ ಕಾಂಪೌಂಡರ್ ಮಾವ. ಮೊದಲು ನಾನೂ ‘ಅವರು’ ಅಂತ ಮರ್ಯಾದೆಯಿಂದಲೇ ಮಾತಾಡುತ್ತಿದ್ದೆ. ಈಗ ಬಾಯಿಗೆ ‘ಅವನು’ ಅಂತಲೇ ಬರುತ್ತದೆ. ಸತ್ತವರನ್ನು ಹಾಗನ್ನಬಾರದು ಅನ್ನುವವರು ಏನಾದರೂ ಅಂದುಕೊಳ್ಳಲಿ. ನನಗಾದದ್ದು ಅವರಿಗೆ ಆಗಿದ್ದರೆ ಗೊತ್ತಾಗುತ್ತಿತ್ತು.

ನನ್ನ ಕೈಗೆ ಮೊದಲು ಸಿರಿಂಜು ಕೊಟ್ಟವನೂ ಅವನೇ. ಅಪ್ಪ ಇಲ್ಲದ ಮನೆ ನಮ್ಮದು. ಅವ್ವ ರೇಷ್ಮೆ ಗೂಡು ಬಿಡಿಸುವ ಕೂಲಿಗೆ ಹೋದರೆ ನಾನು ಸ್ಕೂಲು ಮುಗಿಸಿ ಅವನ ಆಸ್ಪತ್ರೆಗೆ ಹೋಗಿ ಕೂರುತ್ತಿದ್ದೆ. ಒಂದು ದಿನ ಬಂಡೂರಿನ ಕುರಿಯೊಂದನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, “ಚುಚ್ಚವ್ವ” ಅಂದ. ನಾನು ಹಿಂದೆ ಸರಿದೆ. “ನೀನು ಎದ್ರುಕಂಡ್ರೆ ಅದೂ ಎದ್ರುಕತದೆ. ಮೊದ್ಲು ಮೈ ಸವರಿ ಮಾತಾಡ್ಸು, ಆಮೇಲೆ ಸೂಜಿ” ಅಂದ. ಸವರಿದೆ, ಚುಚ್ಚಿದೆ, ಕುರಿ ಮಿಸುಕಲಿಲ್ಲ. ನಾನು ನರ್ಸ್ ಆಗಬೇಕು ಅಂತ ಅವ್ವನ ಹತ್ತಿರ ಜಗಳ ಮಾಡಿದವನೂ ಅವನೇ, ಅರ್ಜಿ ತುಂಬಿ ಮಂಡ್ಯಕ್ಕೆ ಕರೆದುಕೊಂಡು ಹೋದವನೂ ಅವನೇ. ಇಲ್ಲಿ ಐರ್ಲೆಂಡಿನ ಆಸ್ಪತ್ರೆಯಲ್ಲಿ ಮುದುಕಿಯರು ಸೂಜಿ ಹೋದದ್ದೇ ಗೊತ್ತಾಗಲಿಲ್ಲ ಅನ್ನುತ್ತಾರೆ. ಆ ಕೈ ಅವನು ಕೊಟ್ಟದ್ದು. ಅಷ್ಟನ್ನು ಇಲ್ಲ ಅನ್ನಲು ನನ್ನ ಸಿಟ್ಟಿನಿಂದಲೂ ಆಗುವುದಿಲ್ಲ.

ಆದರೆ ಸುತ್ತಲ ಹಳ್ಳಿಗಳಲ್ಲಿ ಅವನ ಹೆಸರು ನಡೆಯುತ್ತಿದ್ದದ್ದು ಔಷಧಿಯಿಂದಲ್ಲ, ಜೋಡಿ ಹುಡುಕುವುದರಿಂದ. ಉಳುವ ಜೋಡಿಯಲ್ಲಿ ಒಂದು ಎತ್ತು ಸತ್ತರೆ ಉಳಿದದ್ದು ದಂಡ. ಅದಕ್ಕೆ ಒಪ್ಪುವ ಇನ್ನೊಂದನ್ನು ತರಬೇಕು. ಎತ್ತರ, ಕೊಂಬು, ಬಣ್ಣ, ನಡಿಗೆ, ಮೈಮೇಲಿನ ಸುಳಿ, ಎಲ್ಲ ಕೂಡಬೇಕು. ಅದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆತಗೂರಿನಲ್ಲಿ ಒಬ್ಬ ಅಜ್ಜಿ, ಎತ್ತಿಗೆ ಹಾವು ಕಚ್ಚಿ ಸತ್ತಿತು ಅಂತ ಅನ್ನ ನೀರು ಬಿಟ್ಟು ಕೂತಿದ್ದಳು. ಮಾವ ಸಂತೆ ಸಂತೆ ಸುತ್ತಿ ಹತ್ತು ದಿನಕ್ಕೆ ಇನ್ನೊಂದನ್ನು ತಂದು ಕಟ್ಟಿದ. ರಜಾ ಇತ್ತು, ನಾನೂ ಜೊತೆಗೆ ಹೋಗಿದ್ದೆ. ಅಜ್ಜಿ ಹೊರಗೆ ಬಂದವಳು ಒಂದು ಗಳಿಗೆ ನೋಡಿ, “ಅಯ್ಯೋ ನನ್ನಪ್ಪ, ಎದ್ ಬಂದ್ಯಾ!” ಅಂತ ಹೊಸ ಎತ್ತಿನ ಕೊರಳು ತಬ್ಬಿಕೊಂಡು ಅತ್ತಳು.

ವಾಪಸು ಬರುವಾಗ ಬಸ್ಸಿನಲ್ಲಿ, “ನೋಡ್ದಾ? ಜೋಡಿ ಸಿಕ್ಬುಟ್ರೆ ಅರ್ಧ ದುಕ್ಕ ಓಯ್ತದೆ ಕಣವ್ವ” ಅಂದ.

“ಇನ್ನರ್ಧ?”

“ಇನ್ನರ್ಧ ಆರು ಕಟ್ಟಿ ಉಳೋ ದಿವ್ಸ ಓಯ್ತದೆ.”

ಎಂಥಾ ದೊಡ್ಡ ಮಾತು ಅಂತ ಮೆಚ್ಚಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ರಾಗಿ ನನ್ನ ನಾಯಿ. ಆಗ ನಾನು ಮದ್ದೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದು, ಅಲ್ಲೇ ಬಾಡಿಗೆ ಮನೆಯಲ್ಲಿ ಅವ್ವನ ಜೊತೆ ಇದ್ದೆ. ಒಂದು ಭಾನುವಾರ ಮುತ್ತತ್ತಿಗೆ ಹೋದಾಗ ಹೊಳೆ ದಂಡೆಯಲ್ಲಿ, ಯಾರೋ ಉಂಡು ಬಿಟ್ಟುಹೋದ ಎಲೆಗಾಗಿ ಕೋತಿಗಳ ಜೊತೆ ಜಗಳಕ್ಕೆ ನಿಂತಿದ್ದ ಮರಿ. ಮೈ ಥೇಟ್ ರಾಗಿ ಬಣ್ಣ, ಕತ್ತಿನ ಕೆಳಗೆ ಬಿಳಿ ಮಚ್ಚೆ. “ನಾಯಿಗೀಯಿ ತಂದ್ರೆ ನಾನು ಮಳವಳ್ಳಿಗೆ ಓಯ್ತೀನಿ ನೋಡು” ಅಂದ ಅವ್ವ ಮೂರನೆಯ ದಿನಕ್ಕೆ ಅದಕ್ಕೆ ಮುದ್ದೆ ಕಲಸುತ್ತಿದ್ದಳು. ಬಲು ಜೋರಿನ ನಾಯಿ. ಗೇಟಿನ ಸರಪಳಿಯನ್ನು ಕಚ್ಚಿ ಎಳೆದು ಮೇಲಿನ ಕೋರೆಹಲ್ಲು ಮುರಿದುಕೊಂಡರೂ ಬುದ್ಧಿ ಕಲಿಯಲಿಲ್ಲ.

ಅವ್ವ ಹಾಸಿಗೆ ಹಿಡಿದ ಮೇಲೆ ರಾಗಿ ಮಂಚದ ಕೆಳಗಿನಿಂದ ಕದಲಲಿಲ್ಲ. ಮಾವ ಎರಡು ದಿನಕ್ಕೊಮ್ಮೆ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು, ನಾನು ಡ್ಯೂಟಿ ಮುಗಿಸಿ ಬರುವ ತನಕ ಅವ್ವನ ಹತ್ತಿರ ಕೂತಿರುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವ್ವನ ದನಿ ಗೊತ್ತಿದ್ದ ಜೀವ ಅಂತ ಉಳಿದದ್ದು ನಾನು, ರಾಗಿ ಇಬ್ಬರೇ. “ಅವ್ವ ಎಲ್ಲಿ?” ಅಂದರೆ ರಾಗಿ ಖಾಲಿ ಮಂಚದ ಕಡೆ ನೋಡುತ್ತಿದ್ದಳು. ಅದಕ್ಕೇ ಐರ್ಲೆಂಡಿನ ಕೆಲಸ ಸಿಕ್ಕಾಗ, “ನಾಯೀನ ಯಾರ್ಗಾದ್ರೂ ಕೊಟ್ಬುಟ್ಟು ಓಗು, ಅಲ್ಲೇನು ನಾಯಿಗೆ ಬರವಾ?” ಅಂದವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಬಂದರೆ ಅಲ್ಲಿ ನಿಲ್ಲುವುದು, ಇಲ್ಲದಿದ್ದರೆ ವಾಪಸು ಬರುವುದು ಅಂತ ನಿಶ್ಚಯ ಮಾಡಿದ್ದೆ.

ನಾಯಿಯನ್ನು ವಿಮಾನ ಹತ್ತಿಸುವುದು ಮನುಷ್ಯರನ್ನು ಹತ್ತಿಸಿದಷ್ಟು ಸುಲಭವಲ್ಲ. ಮೊದಲು ಚರ್ಮದಡಿಗೆ ಅಕ್ಕಿಕಾಳಿನಷ್ಟು ಚಿಪ್ ಕೂರಿಸಬೇಕು. ಆ ನಂಬರಿನ ಮೇಲೆ ಹುಚ್ಚುನಾಯಿ ರೋಗದ ಲಸಿಕೆ. ತಿಂಗಳು ಬಿಟ್ಟು ರಕ್ತ ತೆಗೆದು ಪರದೇಶದ ಲ್ಯಾಬಿಗೆ ಕಳಿಸಬೇಕು. ರಕ್ತ ಪಾಸಾದರೂ ಮೂರು ತಿಂಗಳು ಕಾಯಬೇಕು. ಇಷ್ಟನ್ನು ಬೆಂಗಳೂರಿನ ಏಜೆಂಟ್ ಹೇಳುವ ಹೊತ್ತಿಗೆ ನಾನು ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದಿತ್ತು. ಚಿಪ್ ಇನ್ನೂ ಬಂದಿರಲಿಲ್ಲ.

“ಯಾಕವ್ವ ಅಳ್ತೀಯ? ನಾನಿಲ್ವಾ?” ಅಂದ ಮಾವ. “ಇಲ್ ಬುಟ್ಟು ಓಗು. ಚಿಪ್ಪು, ಸೂಜಿ, ರಕ್ತ, ಎಲ್ಲಾ ನಾನ್ ನೋಡ್ಕತೀನಿ. ನಿನ್ ನಾಯೀನ ನಿನ್ ಕೈಗೆ ಮುಟ್ಸೋದು ನನ್ ಜವಾಬ್ದಾರಿ.”

ಅವನಿಗಿಂತ ಬಲ್ಲವರು ಇನ್ಯಾರು ಸಿಗುತ್ತಾರೆ? ಮಳವಳ್ಳಿಯ ಅವನ ಜಗಲಿಯ ಮೇಲೆ ರಾಗಿಯನ್ನು ಬಿಟ್ಟು, ಅವಳು ಮಲಗಲು ಅವ್ವನ ಹಳೆಯ ಹಸಿರು ಸೀರೆ ಹಾಸಿದೆ. “ಇದನ್ನ ಒಗೀಬೇಡ ಮಾವ, ಅವ್ವನ ವಾಸನೆ ಇದೆ, ಬರುವಾಗ ವಿಮಾನದ ಡಬ್ಬದೊಳಗೆ ಹೀಗೇ ಹಾಸಿ ಕಳಿಸು” ಅಂತ ಎರಡೆರಡು ಸಲ ಹೇಳಿದೆ. ಅವನು ತಲೆಯಾಡಿಸಿದ.

ಆಮೇಲೆ ಆರು ತಿಂಗಳು. ಮಾವ ಒಂದೊಂದೇ ಕಾಗದದ ಫೋಟೊ ಕಳಿಸುತ್ತಿದ್ದ. ಚಿಪ್ ಹಾಕಿದ್ದಾಯಿತು, ಲಸಿಕೆಯಾಯಿತು, ರಕ್ತ ಪಾಸಾಯಿತು. ಮೊದಲ ತಿಂಗಳೆಲ್ಲ ಕ್ಯಾಮೆರಾ ಕೆಟ್ಟಿದೆ ಅಂದ, ಆಮೇಲೆ ಭಾನುವಾರ ವಿಡಿಯೊದಲ್ಲಿ ಫೋನನ್ನು ದೂರ ಹಿಡಿದು ನಾಯಿಯನ್ನು ತೋರಿಸುತ್ತಿದ್ದ. ನಾನು “ರಾಗೀ, ರಾಗೀ” ಅಂತ ಕೂಗಿಕೊಂಡರೆ ಅದು ಫೋನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. “ಮುನಿಸ್ಕಂಡವ್ಳೆ ಕಣವ್ವ, ಬುಟ್ಬುಟ್ಟು ಓದೆ ಅಂತ” ಅನ್ನುತ್ತಿದ್ದ. ನಾನು ಫೋನಿನ ಮುಂದೆ ಕೈಮುಗಿದು ತಪ್ಪಾಯಿತು ಕಣೇ ಅಂತ ಅಳುತ್ತಿದ್ದೆ. ನನ್ನ ಅಳು ಕೇಳಿಸಿಕೊಂಡೂ ಅವನು ಸುಮ್ಮನಿದ್ದ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಡಬ್ಲಿನ್ ವಿಮಾನ ನಿಲ್ದಾಣದ ಸರಕು ಶೆಡ್ಡಿಗೆ ನಾನು ಎರಡು ಗಂಟೆ ಮೊದಲೇ ಹೋಗಿ ಕಾದೆ. ಅಧಿಕಾರಿ ಬಂದು ಡಬ್ಬದ ಜಾಲರಿಯೊಳಗೆ ಯಂತ್ರ ಹಿಡಿದು ಚಿಪ್ ಓದಿದರು. ನಂಬರು ಸರಿ, ಲಸಿಕೆ ಸರಿ, ರಕ್ತ ಸರಿ. ಇಷ್ಟು ಚೊಕ್ಕ ಕಾಗದಗಳನ್ನು ನೋಡುವುದೇ ಅಪರೂಪ ಅಂತ ಹೊಗಳಿದರು. ಬಾಗಿಲು ತೆಗೆದೆ. ರಾಗಿ ಬಣ್ಣದ ನಾಯಿ ಹೊರಗೆ ಬಂತು. ಕತ್ತಿನ ಕೆಳಗೆ ಬಿಳಿ ಮಚ್ಚೆ. “ರಾಗಿ” ಅಂದೆ. ಬಾಲ ಅಲ್ಲಾಡಿಸಿತು, ಬೀದಿಯಲ್ಲಿ ಹೋಗುವವರಿಗೆ ಅಲ್ಲಾಡಿಸುತ್ತದಲ್ಲ, ಹಾಗೆ. “ಅವ್ವ ಎಲ್ಲಿ?” ಅಂದೆ. ಸುಮ್ಮನೆ ನಿಂತಿತು. ಮಂಡಿಯೂರಿ ಅದರ ಮೇಲ್ದುಟಿ ಎತ್ತಿ ನೋಡಿದೆ. ಎರಡೂ ಕೋರೆಹಲ್ಲು ಗಟ್ಟಿಯಾಗಿದ್ದವು.

ಕಾಗದದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ನಾಯಿಯೇ ಸುಳ್ಳು. ಡಬ್ಬದೊಳಗೆ ಅವ್ವನ ಹಸಿರು ಸೀರೆ ಒಗೆದು, ಮಡಿಸಿ ಇಟ್ಟಿತ್ತು. ಮೂಗಿಗೆ ಒತ್ತಿಕೊಂಡೆ. ಬರೀ ಸೋಪಿನ ಪುಡಿಯ ವಾಸನೆ.

ಅಲ್ಲೇ ನೆಲದ ಮೇಲೆ ಕೂತು ಫೋನು ಮಾಡಿದೆ. “ಬಂದ್ಲಾ?” ಅಂದ.

“ಇದು ಯಾರ ನಾಯಿ ಮಾವ?”

ಒಂದೇ ಉಸಿರಿಗೆ ಹೇಳಿಬಿಟ್ಟ. “ನೀನು ಓದ ಒಂಬತ್ನೇ ದಿವ್ಸ ಕಣವ್ವ. ಕೂಳಾಕೋಕೆ ಅಂತ ಸರಪಳಿ ಬಿಚ್ಚಿದ್ದೆ, ಓಡ್ಬುಟ್ಲು. ಮದ್ದೂರ್ ರಸ್ತೇಲಿ ಕಬ್ಬಿನ ಟ್ರ್ಯಾಕ್ಟ್ರಿಗೆ ಸಿಕ್ಬುಟ್ಟಿದ್ಲು. ನಾ ಓಗೋ ಒತ್ಗೆ ಜೀವ ಇರ್ಲಿಲ್ಲ. ಮದ್ದೂರ್ ಕಡೀಕೇ ಮೊಕ ಮಾಡ್ಕಂಡು ಬಿದ್ದಿದ್ಲು. ಆ ಸೀರೇಲೇ ಎತ್ಕಂಡು ಬಂದೆ, ಅದ್ಕೇ ಒಗ್ದೆ. ನಿಂಗೆ ಯಾವ್ ಬಾಯಲ್ ಏಳ್ಲಿ? ಒಸಾ ಊರು, ಒಬ್ಳೇ ಇದ್ದೀಯ. ಒಂದು ತಿಂಗ್ಳು ಸುತ್ತಿ ಇದನ್ನ ಉಡುಕ್ದೆ ಕಣವ್ವ. ಬಣ್ಣ ಸಿಕ್ತು, ಮಚ್ಚೆ ಸಿಕ್ತು. ಕೋರೆ ಅಲ್ಲೊಂದು... ಮುರ್ಯೋಕೆ ಮನ್ಸು ಬರ್ಲಿಲ್ಲ.”

“ನಾನೇನು ಆತಗೂರಿನ ಮುದುಕಿನಾ?” ಅಂತ ಕಿರುಚಿದೆ. ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಸತ್ತರೆ ಸತ್ತಳು ಅಂತ ಹೇಳಬೇಕಿತ್ತು. ನಾನು ಅಳುತ್ತಿದ್ದೆ, ನನ್ನ ನಾಯಿಗೆ ಅಳುತ್ತಿದ್ದೆ. ಐದು ತಿಂಗಳು ಯಾರದೋ ನಾಯಿಗೆ ಕೈಮುಗಿಸಿದೆಯಲ್ಲ, ನೀನೂ ಒಬ್ಬ ಮನುಷ್ಯನಾ?” ಅವನು “ಅವ್ವಾ” ಅಂತ ಏನೋ ಹೇಳಲು ಹೊರಟ. ಫೋನು ಇಟ್ಟೆ. ಅದೇ ಕೊನೆ, ಆಮೇಲೆ ನಾನು ಅವನ ಜೊತೆ ಮಾತಾಡಲಿಲ್ಲ.

ನಾಯಿಯನ್ನು ವಾಪಸು ಕಳಿಸಲಾಗುತ್ತದೆಯೇ? ಮನೆಗೆ ಕರೆದುಕೊಂಡು ಬಂದೆ. ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದೆ, ತಿರುಗಾಡಿಸುತ್ತಿದ್ದೆ, ಜ್ವರ ಬಂದಾಗ ಡಾಕ್ಟರಿಗೆ ತೋರಿಸಿದೆ. ಹೆಸರು ಹಿಡಿದು ಮಾತ್ರ ಕರೆಯಲಿಲ್ಲ. ರಾಗಿ ಅಂದರೆ ಅದು ತಿರುಗಿ ನೋಡುತ್ತಿತ್ತು, ಮಾವ ಹಾಗೆ ಕಲಿಸಿಬಿಟ್ಟಿದ್ದ, ಅದು ನನಗೆ ಇನ್ನೂ ಉರಿ. “ಏಯ್, ಬಾ ಇಲ್ಲಿ” ಅನ್ನುತ್ತಿದ್ದೆ. ಅದೂ ನನ್ನ ಹತ್ತಿರ ತಾನಾಗಿ ಬಂದದ್ದಿಲ್ಲ. ಹಾಕಿದ್ದನ್ನು ತಿಂದು ಬಾಗಿಲ ಹತ್ತಿರ ಹೋಗಿ ಮಲಗುತ್ತಿತ್ತು. ಮಾವ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದ. ನಾನು ಎತ್ತದಿದ್ದರೆ ವಾಟ್ಸಾಪಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುತ್ತಿದ್ದ. ಕ್ಷಮಿಸು ಅಂತ ಗೋಳಾಡುತ್ತಾನೆ, ಕೇಳಿದರೆ ನಾನು ಕರಗಿಬಿಡುತ್ತೇನೆ ಅಂತ ಒಂದನ್ನೂ ತೆರೆಯಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮಂಡ್ಯದಿಂದ ಅವನ ಮಗಳು ಫೋನು ಮಾಡಿದಳು. “ಅಪ್ಪ ಓಗ್ಬುಟ್ರು ಕಣಕ್ಕ. ಎದೆನೋವು ಅಂದ್ರು, ಆಸ್ಪತ್ರೆ ಮುಟ್ಲಿಲ್ಲ” ಅಂದಳು. ನನಗೆ ಅಳು ಬರಲಿಲ್ಲ. ಹೇಳದೆ ಹೋಗುವುದು ಇವನಿಗೆ ಚಟ ಅನ್ನಿಸಿತು, ಅಷ್ಟೇ. ಆಮೇಲೆ ಅವಳು ಕೇಳಿದಳು, “ಅಕ್ಕ, ನಾಯಿ ಚೆನ್ನಾಗದಾ? ಅದನ್ನ ಕಳ್ಸಿದ್ ದಿವ್ಸ ಅಪ್ಪ ಉಣ್ಲೇ ಇಲ್ಲ. ಅಪ್ಪನ್ ಮಂಚದ್ ಮೇಲೇ ಮಲಗ್ತಿತ್ತು ಅದು. ‘ಇಷ್ಟ್ ಅಚ್ಕಂಡಿದ್ದೀಯಲ್ಲ, ಯಾಕ್ ಕಳುಸ್ತೀಯಪ್ಪ’ ಅಂದ್ರೆ, ‘ಮಾತ್ ಕೊಟ್ಟಿವ್ನಿ ಕಣವ್ವ’ ಅಂದ್ರು.”

ಫೋನು ಇಟ್ಟು ಅಡಿಗೆ ಮನೆಯಲ್ಲಿ ಕೂತು ಮೊದಲನೆಯ ರೆಕಾರ್ಡು ಒತ್ತಿದೆ. ಬೈಯಬೇಕು ಅಂತಲೇ ಒತ್ತಿದ್ದು.

“ಅವ್ವಾ, ನಾನು ಕಣವ್ವ. ರಾಗವ್ವ ಎಂಗವ್ಳೆ? ಬರೀ ಆ ಅಂಗ್ಡಿ ಕಾಳು ಆಕ್ಬೇಡ, ಮುದ್ದೆ ಕಲ್ಸಾಕು. ಬಿಸಿ ಇರ್ಬಾರ್ದು. ಗುಡುಗಿದ್ರೆ ನಡುಗ್ತಾಳೆ, ಕಿವಿ ಮೇಲೆ ಕೈ ಇಡು...”

ಎರಡನೆಯದೂ ಅದೇ, ಮೂರನೆಯದೂ ಅದೇ. ಒಂದರಲ್ಲೂ ಕ್ಷಮಿಸು ಅನ್ನುವ ಮಾತಿಲ್ಲ. ಅವನು ನನಗೆ ಫೋನು ಮಾಡುತ್ತಿದ್ದದ್ದೇ ಅಲ್ಲ. ಎಲಾ ಮುದುಕ ಅಂತ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಮಲಗಿದ್ದವಳು ಎದ್ದು ಓಡಿ ಬಂದಳು. ಮೇಜಿಗೆ ಮುಂಗಾಲು ಕೊಟ್ಟು ಫೋನನ್ನು ನೆಕ್ಕಿದಳು. ಅದರ ಹಿಂದೆ ಮೂಸಿದಳು, ಮೇಜಿನ ಕೆಳಗೆ ಮೂಸಿದಳು. ಮೈಯೆಲ್ಲ ಬಾಲವಾಗಿ ಕುಣಿಯುತ್ತಿತ್ತು. ಇಷ್ಟು ತಿಂಗಳಲ್ಲಿ ನಾನು ಅವಳ ದನಿಯನ್ನೇ ಕೇಳಿರಲಿಲ್ಲ. ಕುಂಯ್‌ಗುಡುತ್ತಾ ಬಾಗಿಲಿಗೆ ಹೋಗಿ ನಿಂತಳು, ತಿರುಗಿ ನನ್ನನ್ನು ನೋಡಿದಳು. ತೆಗಿ ಅನ್ನುತ್ತಿದ್ದಳು.

ಎದ್ದು ಹೋಗಿ ಬಾಗಿಲು ತೆಗೆದೆ. ಹೊರಗೆ ನೆಂದ ರಸ್ತೆ, ಯಾರೂ ಇರಲಿಲ್ಲ. ಅವಳು ಹೊಸ್ತಿಲ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದಳು, ಕಿವಿ ನಿಮಿರಿಸಿಕೊಂಡು ಬಹಳ ಹೊತ್ತು ಕಾದಳು. ನಾನು ಪಕ್ಕದಲ್ಲಿ ಮಂಡಿಯೂರಿ ಅವಳ ಬೆನ್ನು ಸವರಿದೆ.

“ಇವತ್ತಿಲ್ಲ ಕಣವ್ವ” ಅಂದೆ. “ನಾಳಿಕ್ ಬತ್ತಾನೆ. ಬಾ ಒಳಕ್ಕೆ.”