ಮೈಟೊಕಾಂಡ್ರಿಯಕ್ಕೂ ಅಳಿಯಕಟ್ಟು

ಮೂಡುಬಿದಿರೆಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ವಿಕಾಸದ ಪಾಠ ಬಂತೆಂದರೆ ನನಗೆ ಹೋಲಿಕೆಗಳ ಹುಚ್ಚು ಹತ್ತುತ್ತದೆ. ಪುಸ್ತಕದಲ್ಲಿದ್ದ ಹಾಗೆಯೇ ಹೇಳಿದರೆ ಹಿಂದಿನ ಬೆಂಚು ಆಕಳಿಸುತ್ತದೆ, ಏನು ಮಾಡುವುದು!

ಕಳೆದ ವರ್ಷ ಮೈಟೊಕಾಂಡ್ರಿಯದ ಸರದಿ. ಜೀವಕೋಶದೊಳಗಿನ ಈ ಪುಟ್ಟ ಭಾಗಕ್ಕೆ ತನ್ನದೇ ಡಿಎನ್‌ಎ ಇದೆ. ಮಕ್ಕಳಿಗೆ ಅದು ಬರುವುದು ಅಮ್ಮನಿಂದ ಮಾತ್ರ. ಅಮ್ಮ, ಅಮ್ಮನ ಅಮ್ಮ, ಅವಳಮ್ಮ ಎಂದು ಹಿಂದೆ ಹೋಗುತ್ತಾ ಹೋದರೆ ಇಡೀ ಮನುಷ್ಯಕುಲ ಒಬ್ಬಳೇ ಅಜ್ಜಿಯನ್ನು ಹೋಗಿ ಮುಟ್ಟುತ್ತದೆ. ಇದಕ್ಕೆ ನಮ್ಮ ಊರಿಗಿಂತ ಒಳ್ಳೆಯ ಉದಾಹರಣೆ ಎಲ್ಲಿದೆ? "ನಮ್ಮ ಅಳಿಯಕಟ್ಟಿನ ಹಾಗೆ. ಬಳಿ ಬರುವುದು ಅಮ್ಮನಿಂದ ಅಲ್ವಾ? ಇದೂ ಹಾಗೆಯೇ" ಎಂದೆ. ಅಳಿಯಕಟ್ಟು ಎಂದರೆ ತುಳುನಾಡಿನ ತಾಯಿಕಡೆಯ ವಂಶಪದ್ಧತಿ, ಬಳಿ ಎಂದರೆ ಅದರಲ್ಲಿ ಮನೆತನದ ಕವಲು. ತರಗತಿ ನೆಟ್ಟಗೆ ಕೂತಿತು. ನಾನು ಉಬ್ಬಿಹೋದೆ.

ಪರೀಕ್ಷೆಯಲ್ಲಿ ಅರ್ಧ ತರಗತಿ ಬರೆದದ್ದೇನು? ಮೈಟೊಕಾಂಡ್ರಿಯವು ಸೋದರಮಾವನಿಂದ ಅಳಿಯನಿಗೆ ಬರುತ್ತದೆ! ಅವರದೇನು ತಪ್ಪು ಪಾಪ, ಅಳಿಯಕಟ್ಟಿನಲ್ಲಿ ಆಸ್ತಿ ಹೋಗುತ್ತಿದ್ದುದು ಹಾಗೆಯೇ, ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ. ನಾನು ಅಮ್ಮನನ್ನು ಮಾತ್ರ ಕರೆದಿದ್ದೆ, ಹಿಂದಿನಿಂದ ಮಾವನೂ ಬಂದು ಕೂತಿದ್ದ.

ಸಂಜೆ ಬೆಳ್ತಂಗಡಿಯ ಮನೆಯಲ್ಲಿ ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು. ಅವಳ ತೊಡೆಯ ಮೇಲೆ ತಲೆಯಿಟ್ಟು ನನ್ನ ಮಗಳು ಮೊಬೈಲಿನಲ್ಲಿ ಆಡುತ್ತಿದ್ದಳು. ಅಮ್ಮನಿಗೆ ಹೆಣ್ಣುಮಕ್ಕಳಿಲ್ಲ, ಇರುವುದು ನಾನೊಬ್ಬನೇ.

"ಹಾಗಾದ್ರೆ ನಂದು ನಿನ್ನಲ್ಲಿಗೇ ಮುಗೀತಾ ಮಾರಾಯ? ಇವಳಿಗೆ ಏನೂ ಬರ್ಲಿಲ್ವಾ?"

ಬಳಿಯ ಲೆಕ್ಕದಲ್ಲಿ ಮಗಳು ನನ್ನ ಹೆಂಡತಿಯ ಕಡೆಯವಳು. ಎತ್ತಿ ಆಡಿಸಿ ಬೆಳೆಸಿದವಳು ಮಾತ್ರ ಅಮ್ಮ. ಈಗ ವಿಜ್ಞಾನವೂ ಅದೇ ಮಾತು ಹೇಳಿತಲ್ಲ ಎಂದು ಅವಳಿಗೆ ಸಂಕಟ. ನನ್ನ ಹೋಲಿಕೆಗಿಷ್ಟು ಬೆಂಕಿ ಹಾಕ!

"ಅದು ಒಂದು ಚೂರು ಮಾತ್ರ ಅಮ್ಮ. ಉಳಿದದ್ದೆಲ್ಲ ಗಂಡುಮಕ್ಕಳಿಂದಲೂ ಹೋಗ್ತದೆ. ನಿನ್ನದು ಹೆಚ್ಚುಕಮ್ಮಿ ಕಾಲು ಭಾಗ ಇವಳಲ್ಲಿ ಉಂಟು."

"ಎಲ್ಲಿ ಉಂಟು?"

"ಹಾಗೆ ಬೆರಳಿಟ್ಟು ತೋರಿಸ್ಲಿಕ್ಕೆ ಆಗುದಿಲ್ಲ. ಮೈಯಿಡೀ ಬೆರೆತು ಹೋಗಿರ್ತದೆ."

ಅಮ್ಮ ಕನ್ನಡಕ ಹಾಕಿಕೊಂಡು ಮೊಮ್ಮಗಳ ಮುಖವನ್ನು ಬೆಳಕಿಗೆ ತಿರುಗಿಸಿದಳು. ಮೂಗು ನೋಡಿದಳು, ಕಿವಿ ನೋಡಿದಳು. ಎಲ್ಲವೂ ಸೊಸೆಯದೇ ಅಚ್ಚು. "ಬಿಡಿ ಅಜ್ಜಿ, ನಾನು ಔಟ್ ಆಗ್ತೇನೆ" ಎಂದು ಮಗಳು ಕೊಸರಾಡಿದಳು.

"ಕಾಣದಿದ್ರೆ ಬೇಡ" ಎಂದು ಅಮ್ಮ ಅವಳ ತಲೆಯನ್ನು ಮತ್ತೆ ತೊಡೆಗೆ ಒತ್ತಿಕೊಂಡಳು. "ಉಂಟಲ್ಲ."