ಊಟದ ನಂತರದ ಪ್ರಬಂಧ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಲ್ಕತ್ತೆಯ ಒಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ನಮ್ಮವರಿಗೆ ಬ್ಯಾಂಕಿನಲ್ಲಿ ಉಡುಪಿಯಿಂದ ವರ್ಗವಾಗಿ, ಲೇಕ್ ಮಾರ್ಕೆಟ್ ಹತ್ತಿರ ಮನೆ ಮಾಡಿದ್ದೆವು. ರೋಗಿಯ ಕಿವಿಗೆ ಹೆಡ್‌ಫೋನ್ ಹಾಕಿ, ಯಂತ್ರದ ಸದ್ದು ಎಷ್ಟು ಕೇಳಿಸುತ್ತದೆಂದು ಗುರುತು ಹಾಕುವುದು ನನ್ನ ಕೆಲಸ.

ಅದೇ ವಿಭಾಗಕ್ಕೆ ಮೈಸೂರಿನ ಹುಡುಗಿಯೊಬ್ಬಳು ಡಾಕ್ಟರಾಗಿ ಬಂದಳು. ನನಗಿಂತ ಎಂಟು ವರ್ಷ ಚಿಕ್ಕವಳು. ಮೊದಲ ದಿನದಿಂದಲೇ ನನ್ನನ್ನು ಅಕ್ಕ ಎಂದಳು. ಅವಳಿಗೆ ಕೋಣೆ ಹುಡುಕಿಕೊಟ್ಟವಳು ನಾನು. ಭಾನುವಾರದ ಊಟ ನಮ್ಮಲ್ಲೇ. ಒಂದು ಚಳಿಗಾಲವಿಡೀ ನಾವಿಬ್ಬರೂ ಹೂಗ್ಲಿ ದಡದ ಸೆಣಬಿನ ಗಿರಣಿಯೊಂದಕ್ಕೆ ಹೋಗಿ ನೇಕಾರರ ಕಿವಿ ಪರೀಕ್ಷಿಸಿದೆವು. ಮಗ್ಗಗಳ ಸದ್ದಿನಲ್ಲಿ ದುಡಿದು ಹಲವರ ಕಿವಿ ಮಂದವಾಗಿತ್ತು.

ಮುಂದೆ ಕಿವಿಯ ಕಾಯಿಲೆಗಳ ಬಗ್ಗೆ ಎರಡು ದಿನಗಳ ವಿಚಾರ ಸಂಕಿರಣ ನಿಶ್ಚಯವಾಯಿತು. ವಿಭಾಗದ ಮುಖ್ಯಸ್ಥರು, ವಯಸ್ಸಾದ ಬಂಗಾಳಿ ಡಾಕ್ಟರು, ನಮ್ಮಿಬ್ಬರನ್ನೂ ಕರೆದು, "ಗಿರಣಿಯ ಪ್ರಬಂಧ ಇವಳು ಓದಲಿ. ಏರ್ಪಾಡೆಲ್ಲ ನೀವು ನೋಡಿಕೊಳ್ಳಿ, ನಿಮ್ಮಷ್ಟು ಅಚ್ಚುಕಟ್ಟು ಯಾರಿದ್ದಾರೆ?" ಎಂದರು. ನಾನು ಆಗಲಿ ಎಂದೆ. ಹೊಟ್ಟೆಯೊಳಗೆ ಕಿಚ್ಚು ಹತ್ತಿತು.

ಹೊರಗಿನ ಡಾಕ್ಟರುಗಳಿಗೆ ಪತ್ರ ಬರೆದೆ, ಪಾರ್ಕ್ ಸ್ಟ್ರೀಟಿನ ಹೋಟೆಲಿನಲ್ಲಿ ಕೋಣೆ ಹಿಡಿದೆ, ಸ್ಲೈಡ್ ತೋರಿಸುವ ಯಂತ್ರ ತರಿಸಿದೆ. ಅವಳು ಮಾತ್ರ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದಳು. ನಾನು ಗುರುತು ಹಾಕಿದ ಹಾಳೆಗಳೇ ಅವಳ ಮುಂದೆ ಹರಡಿರುತ್ತಿದ್ದವು. ಕಾರ್ಯಕ್ರಮದ ಪಟ್ಟಿ ಟೈಪ್ ಮಾಡುವಾಗ ಅವಳ ಹೆಸರನ್ನು ಎರಡನೆಯ ದಿನ ಊಟವಾದ ಕೂಡಲೇ ಹಾಕಿದೆ. ಇಲಿಶ್ ಮೀನು, ಮಿಷ್ಟಿ ದೊಯಿ ಎಂಬ ಸಿಹಿ ಮೊಸರು ಉಂಡು ಸಭೆ ತೂಕಡಿಸುವ ಹೊತ್ತದು.

ಮನೆಯಲ್ಲಿ ನಮ್ಮವರು ಪಟ್ಟಿ ನೋಡಿದರು. "ಇದೆಂತ, ಪಾಪದವಳನ್ನು ಊಟದ ಮೇಲೆ ಹಾಕಿದ್ದಿಯಲ್ಲ?"

"ಬೇರೆ ಜಾಗ ಇರ್ಲಿಲ್ಲ," ಎಂದೆ. ಜಾಗವಿತ್ತು.

ಸಂಕಿರಣದ ಎರಡನೆಯ ದಿನ ಅವಳು ಎರಡು ಸ್ಲೈಡ್ ತೋರಿಸುವಷ್ಟರಲ್ಲಿ ಕರೆಂಟು ಹೋಯಿತು. ಪರದೆ ಎಳೆದಿದ್ದ ಸಭಾಂಗಣ ಕತ್ತಲಾಯಿತು, ಮೈಕೂ ಸತ್ತಿತು. ಅವಳದು ಮೆಲುದನಿ. ಗಿರಣಿಯಿಂದ ಕರೆತಂದು ಎದುರು ಸಾಲಿನಲ್ಲಿ ಕೂರಿಸಿದ್ದ ಬಿಹಾರಿ ನೇಕಾರನೊಬ್ಬನನ್ನು ಅವಳು ವೇದಿಕೆಗೆ ಕರೆಸಿಕೊಂಡು ಪ್ರಶ್ನೆ ಕೇಳತೊಡಗಿದಳು. ಅವನು ಸುಮ್ಮನೆ ನಿಂತ. ಮತ್ತೆ ಕೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಅವನು ತುಟಿ ನೋಡಿ ಮಾತು ತಿಳಿಯುವವನು. ಮುಖದ ಮೇಲೆ ಬೆಳಕು ಬೀಳಬೇಕು. ಪರೀಕ್ಷೆಗೆ ಕೂರಿಸಿದಾಗಲೇ ನನಗದು ಗೊತ್ತಾಗಿತ್ತು. ಆದರೂ ಬಾಗಿಲ ಬಳಿ ಕೈಕಟ್ಟಿ ನಿಂತೇ ಇದ್ದೆ. ಅವಳ ದನಿ ನಡುಗುವುದನ್ನು ಕೇಳಿ ನನಗೆ ಹಿತವಾಯಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಅಷ್ಟರಲ್ಲಿ ನೇಕಾರ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ, ಕಿವಿ ಮಂದವಾದವರ ಎತ್ತರದ ದನಿಯಲ್ಲಿ ಹಿಂದಿಯಲ್ಲಿ ಕೇಳಿದ: "ಯಂತ್ರದ ಅಮ್ಮ ಎಲ್ಲಿ?"

ಗಿರಣಿಯವರು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಎಲ್ಲರೂ ತಿರುಗಿ ನೋಡಿದರು. ನಾನು ಹೋಗಿ ಕಿಟಕಿಯ ಪರದೆ ಸರಿಸಿದೆ. ಬೆಳಕಿಗೆ ಮುಖ ಕೊಟ್ಟು, ಅವಳ ಪ್ರಶ್ನೆಗಳನ್ನು ಒಂದೊಂದಾಗಿ ಅವನಿಗೆ ದಾಟಿಸಿದೆ.

"ಮಗಳು ಬಾಗಿಲಾಚೆ ಕರೆದರೆ ಗೊತ್ತಾಗುವುದಿಲ್ಲ," ಎಂದ. "ಎದುರಿಗೆ ಬಂದರೆ ಬಾಯಿ ನೋಡಿ ತಿಳಿಯುತ್ತೇನೆ. ಮಗ್ಗದ ಮುಂದೆ ನಾವೆಲ್ಲ ಮಾತಾಡುವುದೇ ಹಾಗೆ." ತೂಕಡಿಸುತ್ತಿದ್ದವರು ನೆಟ್ಟಗೆ ಕೂತರು. ಕರೆಂಟು ಬಂದ ಮೇಲೂ ಪ್ರಶ್ನೆಗಳು ನಿಲ್ಲಲಿಲ್ಲ.

ಎಲ್ಲ ಮುಗಿದು ಕುರ್ಚಿ ಎತ್ತಿಸುವಾಗ ಅವಳು ಬಂದಳು. "ಅಕ್ಕ, ನೀವು ಬರದೇ ಇದ್ದಿದ್ರೆ ನಾನು ಅಲ್ಲೇ ಅತ್ತುಬಿಡ್ತಿದ್ದೆ."

"ನಿನ್ನನ್ನು ಊಟದ ಮೇಲೆ ಹಾಕಿದ್ದು ನಾನೇ, ಬೇಕಂತಲೇ," ಎಂದುಬಿಟ್ಟೆ.

ಅವಳು ಒಂದು ಕುರ್ಚಿ ಎತ್ತಿ ಗೋಡೆಯ ಬದಿಗಿಟ್ಟಳು. ಆಮೇಲೆ, "ನನಗೆ ಗೊತ್ತಿತ್ತು ಅಕ್ಕ. ನಿಮ್ಮ ಕೆಲಸನ ನಾನು ಓದ್ತಿದೀನಲ್ಲ ಅಂತ ನನಗೂ ಅಳುಕಿತ್ತು," ಎಂದಳು. ಆ ಭಾನುವಾರ ಅವಳು ಊಟಕ್ಕೆ ಬರಲಿಲ್ಲ. ಮುಂದಿನ ಭಾನುವಾರ ಬಂದಳು.

ಮರುವರ್ಷದ ಸಭೆಗೆ ನನ್ನ ಹೆಸರು ಹೇಳಿದವಳು ಅವಳೇ. ಮುಖ್ಯಸ್ಥರು ಒಪ್ಪಿದರು. ನಾನು ಓದಿದೆ, ಚಪ್ಪಾಳೆಯೂ ಬಿತ್ತು. ಎದುರಿಗೆ ಕೂತು ನಗುತ್ತಿದ್ದ ಅವಳನ್ನು ನೋಡಿ ಮತ್ತೆ ಹೊಟ್ಟೆ ಉರಿಯಿತು. ಅವಳಿಗಿದ್ದ ಆ ದೊಡ್ಡ ಮನಸ್ಸು ನನಗೇಕಿಲ್ಲ ಎಂದು.